ನಮ್ಮ ಪಡಸಾಲೆಯ ಸಿನಿಮಾ ಸಾವು

ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದೆ. ಚಿತ್ತಾಪುರದ ಕಡೆಯ ನನ್ನ ತವರಿನಿಂದ ಬಂದ ಬೇಳೆ. ಮನೆಯ ಬೀಸುಕಲ್ಲಿನಲ್ಲಿ ಒಡೆದದ್ದು, ಹಾಗಾಗಿ ಸಿಪ್ಪೆ, ನುಚ್ಚು, ಸಣ್ಣ ಹರಳು ಎಲ್ಲ ಬೆರೆತಿರುತ್ತವೆ. ಬಿಸಿಲು ಚೆನ್ನಾಗಿದ್ದಾಗಲೇ ಆರಿಸಿ ಮುಗಿಸಬೇಕು. ಆಗ ಪಕ್ಕದ ಮನೆಯ ಭಾಬಿ ಗೋಡೆಯ ಮೇಲಿಂದ ಮುಖ ತೋರಿಸಿ ಸುದ್ದಿ ಹೇಳಿದರು.

"ಅಕ್ಕಾ, ಪಿಕ್ಚರ್‌ನವ್ರು ಬಂದಾರ. ಗಲ್ಲಿ ಗಲ್ಲಿ ತಿರುಗಿ ಮನಿ ನೋಡ್ಲಿಕತ್ತಾರ. ನನ್ನ ಮನಿ ಬಾಗಲದಾಗ ನಿಂತು, 'ಟೈಲ್ಸ್ ಅದಾವ, ಬ್ಯಾಡ' ಅಂದ್ರು. ನಮ್ಮ ಯಜಮಾನ್ರಿಗಿ ಗಂಟು ಬಿದ್ದು ಟೈಲ್ಸ್ ಹಾಕ್ಸೀನಿ, ನನ್ನ ನಸೀಬ್ ನೋಡ್ರಿ! ಈಗ ನಿಮ್ಮ ಮನಿಗೇ ಬರ್ಲಿಕತ್ತಾರ."

ನಮ್ಮದು ಶಹಾಬಾದಿನ ಹಳೆಯ ಕಲ್ಲಿನ ಮನೆ. ಗೋಡೆ, ನೆಲ, ಮೇಲಿನ ಚಪ್ಪಡಿ ಎಲ್ಲವೂ ಇಲ್ಲಿಯದೇ ಕಲ್ಲು. ಕಲ್ಲಿನ ಗಣಿಯಲ್ಲಿ ಮೇಸ್ತ್ರಿಯಾಗಿದ್ದ ನಮ್ಮ ಮಾವ ಒಂದೊಂದೇ ಕಲ್ಲು ಆರಿಸಿ ತಂದು ಕಟ್ಟಿಸಿದ್ದು. ಮಾವ ಈಗಿಲ್ಲ. ಮನೆಯಲ್ಲಿ ನಾನು, ಅತ್ತೆ, ವಾಡಿಯಲ್ಲಿ ಪಾಳಿಯ ಕೆಲಸ ಮಾಡುವ ನನ್ನ ಯಜಮಾನರು, ಇಷ್ಟೇ ಜನ.

ಬಂದವರು ಇಬ್ಬರು. ಒಬ್ಬಳು ಸಣ್ಣ ವಯಸ್ಸಿನ ನಿರ್ದೇಶಕಿ, ಇನ್ನೊಬ್ಬರು ಮ್ಯಾನೇಜರ್. ನಿರ್ದೇಶಕಿ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದಳು, ಅದು ನನಗೆ ಸೇರಿತು. ಪಡಸಾಲೆಯ ನಡುವೆ ನಿಂತು, ಬಾಗಿಲಿನ ಬೆಳಕು ಎಲ್ಲಿ ಬೀಳುತ್ತದೆಂದು ನೋಡಿ, ಎದುರಿನ ಗೋಡೆಗೆ ಕೈ ತೋರಿಸಿ, "ಇಲ್ಲೇ" ಅಂದಳು. ಕಲ್ಲು ಒಡೆಯುವ ಮನೆತನದ ಕಥೆಯಂತೆ. ಮನೆಯ ಹಿರಿಯನ ಸಾವಿನ ದೃಶ್ಯವನ್ನು ಆ ಗೋಡೆಯ ಹತ್ತಿರ ತೆಗೆಯಬೇಕಂತೆ. ಜೊತೆಗೆ ಆ ಹಿರಿಯನ ಪಾತ್ರ ಮಾಡುವ ನಟರಿಗೆ ಹೋಟೆಲಿನ ಊಟ ಒಗ್ಗುವುದಿಲ್ಲ, ಅವರಿಗೆ ಅಡಿಗೆ ಮಾಡಿಕೊಡಲು ಆಗುತ್ತದೆಯೇ ಎಂದು ಮ್ಯಾನೇಜರ್ ಕೇಳಿದರು. ಯಾರವರು ಅಂದೆ. ಹೆಸರು ಹೇಳಿದರು. ನಾನು ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ವಯಸ್ಸಿನ ಹೆಂಗಸರಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ. ತಂಗಿಯರ ಮದುವೆ ಮಾಡಿ ತಾನು ಚಪ್ಪರದ ಕಂಬಕ್ಕೆ ಒರಗಿ ನಿಲ್ಲುವ ಅಣ್ಣ. ಮಕ್ಕಳು ಬೇರೆಯಾದಾಗ ಮಾತಾಡದೆ ಹೆಗಲ ಮೇಲಿನ ಟವೆಲನ್ನು ಮಡಚುವ ಅಪ್ಪ. ನಾನು ಲಂಗ ಉಡುವ ಕಾಲಕ್ಕೆ ಚಿತ್ತಾಪುರದ ಟಾಕೀಸಿನಲ್ಲಿ ನನ್ನವ್ವ ಅವರ ಸಿನಿಮಾ ನೋಡಿ ಅತ್ತು ಅತ್ತು, ತನ್ನ ಸೆರಗು ತೊಯ್ದು, ಕಡೆಗೆ ನನ್ನ ಲಂಗಕ್ಕೆ ಮುಖ ಒರೆಸಿಕೊಂಡಿದ್ದಳು.

ನನಗೆ ಒಪ್ಪಿಗೆಯಿತ್ತು. ಯಜಮಾನರು ಫೋನಿನಲ್ಲಿ, "ಅವ್ವ ಹೂಂ ಅಂದ್ರ ನಂದೇನಿಲ್ಲ" ಅಂದರು. ಅತ್ತೆ ಮಾತ್ರ ಹೂಂ ಅನ್ನಲಿಲ್ಲ.

"ತೀರಿಕೊಂಡಾಗ ನಿಮ್ಮ ಮಾವನ್ನ ಆ ಗ್ವಾಡಿಗೇ ಕುಂದ್ರಿಸಿದ್ದು ಮರ್ತೆ ಏನು? ಅದೇ ಜಾಗಾದಾಗ ಇನ್ನೊಬ್ಬ ಗಂಡಸು ಸತ್ತಂಗ ನಾಟಕ ಮಾಡ್ತಾನ? ಇದು ಮನಿ, ಮಂಟಪ ಅಲ್ಲ."

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ಅಂಗೈಯ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುವಾಗ, ಆದದ್ದು ಆಗಲಿ, ಅತ್ತೆಯ ಮನಸ್ಸು ನೋಯುವುದು ಬೇಡ ಎಂದು ಅಂದುಕೊಂಡಿದ್ದೆ. ಮ್ಯಾನೇಜರಿಗೆ ಬೇಡವೆಂದು ಹೇಳುವ ಮೊದಲೇ ಬಾಗಿಲಲ್ಲಿ ಕಾರು ನಿಂತಿತು. ಅವರೇ ಬಂದಿದ್ದರು.

ಸಿನಿಮಾದಲ್ಲಿ ಬಾಗಿಲು ತುಂಬುತ್ತಿದ್ದ ಆಳು. ಈಗ ಅಂಗಿಯ ಕೊರಳಪಟ್ಟಿಯೇ ದೊಡ್ಡದಾಗಿ ಕಾಣುತ್ತಿತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮಡಚಿದ ಟವೆಲು. ಹಿಂದೆ ಅವರ ಹಳೆಯ ಮೇಕಪ್ಪಿನವರು, ಅವರಷ್ಟೇ ವಯಸ್ಸಾದವರು. ನಟರು ಕೋಲು ಊರಿಕೊಂಡು ನಿಧಾನಕ್ಕೆ ಅತ್ತೆಯ ಎದುರು ಕಲ್ಲಿನ ಕಟ್ಟೆಯ ಮೇಲೆ ಕೂತರು.

"ಮನೆ ನಿಮ್ಮದು ತಾಯಿ. ನೀವು ಬೇಡ ಅಂದ್ರೆ ನಾನು ಬೇರೆ ಕಡೆ ಹೋಗಿ ಸಾಯ್ತೀನಿ. ಸಾಯೋದಂತೂ ತಪ್ಪಲ್ಲ."

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಅಲ್ಲೋ ಯಪ್ಪಾ, ಅಷ್ಟು ಮಂದಿ ತಂಗೇರ ಲಗ್ನ ಮಾಡ್ದಿ. ಒಬ್ಬಾಕಿನೂ ನಿನ್ನ ಊಟಕ್ಕ ಕರಿಯಂಗಿಲ್ಲೇನು? ಏನು ಇಷ್ಟು ಸೊರಗೀದಿ?"

ನಟರು ನಕ್ಕರು. "ಕರೀತಾರಮ್ಮ. ಆದ್ರೆ ಗೋಡೆ ಮೇಲಿನ ನನ್ನ ಫೋಟೊಗೆ ಹಾರ ಹಾಕೋಕೆ ಕರೀತಾರೆ."

ಅತ್ತೆಗೂ ನಗು ಬಂತು. ನಗು ಬಂದ ಮೇಲೆ ಬೇಡವೆನ್ನುವುದು ಅವರಿಗೆ ಆಗುವುದಿಲ್ಲ. ಸ್ವಲ್ಪ ಹೊತ್ತು ಗೋಡೆ ನೋಡಿದರು. "ಆತು, ಸಾಯಿ. ಆದ್ರ ಉಂಡು ಸಾಯಿ. ಹಸಗೊಂಡು ಈ ಮನ್ಯಾಗಿಂದ ಯಾರೂ ಹೋಗಿಲ್ಲ."

ಹೀಗೆ ನನ್ನ ಕೆಲಸ ಶುರುವಾಯಿತು. ಪೂಜೆ ಮುಗಿಸಿ ಒಲೆ ಹಚ್ಚುವುದು. ಅವರಿಗೆ ತೆಳ್ಳಗಿನ ಜೋಳದ ಗಂಜಿ, ಬಿಸಿ ಬಿಸಿ ಮೆತ್ತನೆಯ ರೊಟ್ಟಿ, ಎಣ್ಣೆ ಕಡಿಮೆಯ ಪಲ್ಯ. ಮೇಕಪ್ಪಿನವರು ಮೊದಲ ದಿನವೇ, "ಮಾತ್ರೆ ತಗೊಂಡ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಊಟ ಕೊಡಿ. ಮಧ್ಯಾಹ್ನ ಬೇಳೆ ಬೇಡ, ರಾತ್ರಿ ಕೊಡಿ" ಎಂದು ಹೇಳಿದರು. ತೊಗರಿಯ ಸೀಮೆಗೆ ಬಂದು ಬೇಳೆ ಬೇಡ ಅಂದರೆ ಹೇಗೆ ಅಂತ ನನಗೆ ಬೇಸರವೇ ಆಯಿತು. ಆಮೇಲೆ ನೆನಪಾಯಿತು. ಈ ಮಾತನ್ನು ನಾನು ಮೊದಲೂ ಕೇಳಿದ್ದೆ. ಕಲಬುರಗಿಯ ಡಾಕ್ಟರು ನಮ್ಮ ಮಾವನವರ ವಿಷಯದಲ್ಲಿ ಇದನ್ನೇ ಹೇಳಿದ್ದರು, ಬೇಳೆ ಹೆಚ್ಚಾದರೆ ಆ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ ಅಂತ. ಆದರೆ ಮಾತ್ರೆಗಳು ನೂರೆಂಟು, ಇವರದು ಯಾವುದೋ ಎಂದು ಸುಮ್ಮನಾದೆ.

ಮೊದಲ ದಿನ ಕೆಲಸದವರು ಲೈಟು ಕಟ್ಟುವುದು, ತಂತಿ ಎಳೆಯುವುದು ಮಾಡುತ್ತಿದ್ದರು. ನಟರಿಗೆ ಕೆಲಸವಿರಲಿಲ್ಲ. ನಾನು ಅಂಗಳದಲ್ಲಿ ಬೇಳೆ ಹಸನು ಮಾಡಲು ಕೂತರೆ ಅವರೂ ಬಂದು ಕೂತರು. "ಇನ್ನೊಂದು ಮೊರ ಇದ್ರೆ ಕೊಡಿ" ಅಂದರು. ನಾನು ಬೇಡವೆಂದರೂ ಕೇಳಲಿಲ್ಲ. ಬೆರಳು ಬಹಳ ನಾಜೂಕು. ಹರಳು ಬೇರೆ, ಸಿಪ್ಪೆ ಬೇರೆ ಮಾಡಿ ಇಡುತ್ತಿದ್ದರು. ಭಾಬಿ ಗೋಡೆಯ ಆಚೆಯಿಂದ ನೋಡಿ ಬಾಯಿ ಮುಚ್ಚಿಕೊಂಡರು.

"ಅರೆ ಅಲ್ಲಾ! ಅಕ್ಕಾ, ಹೀರೋನ ಕೈಲೆ ಬ್ಯಾಳಿ ಆರಿಸ್ಲಿಕತ್ತೀರಿ? ನಮ್ಮ ಮನಿದೂ ಒಂದು ಡಬ್ಬಿ ಅದ, ಕೊಡ್ಲೇನು?"

"ಕೊಡಿಯಮ್ಮಾ" ಅಂದರು ನಟರು. "ಸಿನಿಮಾದವರು ಕೊಡೋ ಕೆಲಸಕ್ಕಿಂತ ಇದು ವಾಸಿ."

ನಾನು ಕೇಳಿದೆ, "ಈಗ ಕೆಲಸ ಬರಂಗಿಲ್ಲೇನ್ರಿ?"

"ಬರ್ತದೆ ತಾಯಿ. ಬರೋದು ಎರಡೇ ಥರದ್ದು. ಒಂದು ಹಾಸಿಗೆ ಮೇಲೆ, ಒಂದು ಗೋಡೆ ಮೇಲೆ. ಹಾಸಿಗೆ ಮೇಲಿದ್ರೆ ಕೆಮ್ಮಿ ಆಸ್ತಿ ಹಂಚಬೇಕು. ಗೋಡೆ ಮೇಲಿದ್ರೆ ಅದೂ ಇಲ್ಲ, ಹಳೇ ಫೋಟೊ ಒಂದು ಕಳ್ಸಿದ್ರೆ ಆಯ್ತು. ನಾನು ಹೋಗೋದೂ ಬೇಡ. ಆ ಥರ ಎಷ್ಟು ಪಿಕ್ಚರ್‌ನಲ್ಲಿದೀನೋ ನನಗೇ ಗೊತ್ತಿಲ್ಲ." ಮೊರ ಕೊಡವಿದರು. "ಈ ಹುಡುಗಿ ಬಂದು ಪೂರಾ ಕಥೆ ಹೇಳಿದಾಗ ನಾನು ನಂಬಲಿಲ್ಲ. ಇದರಲ್ಲಿ ನಾನು ಚಿಂಚೋಳಿ ಕಾಡಲ್ಲಿ ಎತ್ತು ಹುಡುಕ್ಕೊಂಡು ತಿರುಗ್ತೀನಿ. ಸೇಡಂ ಸಂತೇಲಿ ಜಗಳ ಆಡ್ತೀನಿ. ವಾಡಿ ಸ್ಟೇಷನ್ನಲ್ಲಿ ಮಗನ ಕಪಾಳಕ್ಕೆ ಹೊಡೀತೀನಿ. ಹೊಡೆಯೋ ಪಾತ್ರ ಬಂದು ಎಷ್ಟು ವರ್ಷ ಆಯ್ತು!"

ಅಷ್ಟರಲ್ಲಿ ಒಳಗಿನಿಂದ ನಿರ್ದೇಶಕಿ ಏನೋ ಕೂಗಿ ಕೇಳಿದಳು. ನಟರು ಕೆಲಸ ನಿಲ್ಲಿಸಿ ಅತ್ತ ಕಿವಿಗೊಟ್ಟರು. ಬಲಗೈ ಮೊಣಕಾಲ ಮೇಲೆ ಸುಮ್ಮನಿತ್ತು. ಹೆಬ್ಬೆರಳು ಮೊದಲು ಅಲುಗಿತು, ಏನನ್ನೋ ಉರುಟು ಮಾಡುವ ಹಾಗೆ. ಆಮೇಲೆ ಇಡೀ ಕೈ. ಅವರು ಕೂಡಲೇ ಅದನ್ನು ಬೇಳೆಯೊಳಗೆ ಹಾಕಿದರು. ನಡುಕ ನಿಂತುಹೋಯಿತು.

ಆಗ ನನಗೆ ಎಲ್ಲ ತಿಳಿಯಿತು. ಕೋಲು, ಟವೆಲು, ಮೊರ. ನಮ್ಮ ಮಾವನವರಿಗೂ ಇದೇ ಕಾಯಿಲೆ. ಕೈಗೆ ಕೆಲಸವಿದ್ದರೆ ಸುಮ್ಮನಿರುತ್ತದೆ, ಬಿಟ್ಟರೆ ಶುರುವಾಗುತ್ತದೆ. ಹಿಂದಿನ ಸಿನಿಮಾಗಳಲ್ಲಿ ಟವೆಲು ಮಡಚಿದ್ದು ನಟನೆ, ಈಗಿನದು ಹಾಗಲ್ಲ. ನಾನು ತಲೆ ಬಗ್ಗಿಸಿ ನನ್ನ ಮೊರ ನೋಡಿಕೊಂಡೆ. ಅವರು ಮುಚ್ಚಿಟ್ಟುಕೊಂಡದ್ದನ್ನು ಕಂಡೆನೆಂದು ತೋರಿಸುವುದು ಸರಿಯಲ್ಲ.

ಮಾರನೆಯ ದಿನ ಸಾವಿನ ದೃಶ್ಯ. ಮಗಳ ಪಾತ್ರದ ನಟಿ ಆ ದಿನ ಮಾತ್ರ ಸಿಗುತ್ತಾಳೆ ಅಂತ ಸಾವು ಮೊದಲು ತೆಗೆದು, ಬದುಕನ್ನು ಆಮೇಲೆ ತೆಗೆಯುತ್ತಾರಂತೆ. ಕಾಡು, ಸಂತೆ, ಸ್ಟೇಷನ್ನು ಎಲ್ಲ ಇನ್ನೂ ಬಾಕಿ. ಇನ್ನೊಂದು ತೊಡಕಿತ್ತು. ಈ ಸಿನಿಮಾಕ್ಕೆ ಶಬ್ದವನ್ನು ಅಲ್ಲೇ ಹಿಡಿಯುತ್ತಾರೆ. ನಮ್ಮ ಓಣಿಯ ಹಿಂದೆ ಕಲ್ಲು ಕೊಯ್ಯುವ ಮಷೀನುಗಳು ಹಗಲೆಲ್ಲ ಕಿರುಗುಟ್ಟುತ್ತವೆ. ಮ್ಯಾನೇಜರ್ ಹೋಗಿ ಕೇಳಿಕೊಂಡದ್ದಕ್ಕೆ, ಕೆಲಸಗಾರರು ಉಣ್ಣುವ ಹೊತ್ತಿನಲ್ಲಿ ಹೇಗೂ ಮಷೀನು ನಿಲ್ಲುತ್ತದೆ, ಅಷ್ಟರಲ್ಲಿ ಮುಗಿಸಿಕೊಳ್ಳಿ ಅಂದಿದ್ದರಂತೆ.

ಅಳುವ ಹೆಂಗಸರಾಗಿ ಓಣಿಯವರೇ ಕೂತಿದ್ದೆವು. ಬಿಳಿ ಸೀರೆ ಬೇಡ, ಉಟ್ಟದ್ದೇ ಇರಲಿ ಅಂದಿದ್ದಳು ನಿರ್ದೇಶಕಿ. ಅದೂ ನನಗೆ ಸೇರಿತು. ಗೋಡೆಯ ಬದಿಗೆ ಚಾಪೆ ಹಾಸಿ, ನಟರನ್ನು ಅದರ ಮೇಲೆ ಮಲಗಿಸಿ, ಎದೆಯವರೆಗೆ ಬಿಳಿ ಬಟ್ಟೆ ಹೊದಿಸಿದರು. ಕೈ ಬಟ್ಟೆಯೊಳಗೆ, ಮೈಯ ಕೆಳಗೆ ಸೇರಿಸಿಟ್ಟಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಕರಡಿಗೆ. ಅದು ಖಾಲಿ ಕರಡಿಗೆ ಎಂದು ನಾನು ಮೊದಲೇ ಕೇಳಿ ಖಾತ್ರಿ ಮಾಡಿಕೊಂಡಿದ್ದೆ.

ನೋಡಿದ ಕೂಡಲೇ ನನ್ನ ಬಾಯಿಂದ ಬಂದುಬಿಟ್ಟಿತು. "ನಮ್ಮಲ್ಲಿ ಮಲಗಿಸಂಗಿಲ್ರಿ. ತೀರಿಕೊಂಡವ್ರನ್ನ ಗ್ವಾಡಿಗಿ ಆನಿಸಿ ಕುಂದ್ರಿಸ್ತೀವಿ. ಕುಂತಂಗೇ ಒಯ್ತೀವಿ, ಕುಂತಂಗೇ ಮಣ್ಣು ಮಾಡ್ತೀವಿ."

"ಹೌದಾ?" ಅಂದಳು ನಿರ್ದೇಶಕಿ. "ಕೈ ಹೇಗಿರುತ್ತೆ?"

"ಪದ್ಮಾಸನ ಹಾಕ್ಸಿ, ತೊಡಿ ಮ್ಯಾಲ ಕೈ ಇಡ್ತಾರ. ಎಲ್ಲಾರ್ಗೂ ಕಾಣಂಗ."

ಮೂಲೆಯಲ್ಲಿದ್ದ ಅತ್ತೆಯೂ ಹೌದೆಂದು ತಲೆಯಾಡಿಸಿದರು. ನಿರ್ದೇಶಕಿಗೆ ಬಹಳ ಸಂತೋಷವಾಯಿತು. "ನೋಡಿ, ಎಂಥಾ ತಪ್ಪಾಗ್ತಿತ್ತು! ಸರ್, ಕೂತ್ಕೋತೀರಾ? ಕೈ ಹೊರಗೆ ಇರಲಿ. ಕ್ಯಾಮೆರಾ ಬಾಗಿಲಿಂದ ಬಂದು, ಇವರನ್ನೆಲ್ಲ ದಾಟಿ, ನಿಮ್ಮ ಮೇಲೆ ಬಂದು ನಿಲ್ಲುತ್ತೆ. ಮಧ್ಯೆ ಎಲ್ಲೂ ಕಟ್ ಇಲ್ಲ."

ನಟರು ಕಣ್ಣು ತೆರೆದು ಒಂದು ಗಳಿಗೆ ಮೇಲಿನ ಚಪ್ಪಡಿ ನೋಡಿದರು. "ಆಯ್ತಮ್ಮ" ಅಂದರು. ಮೇಕಪ್ಪಿನವರು ಮಾತ್ರ ಪೌಡರಿನ ಡಬ್ಬಿ ಹಿಡಿದುಕೊಂಡು ನನ್ನನ್ನೇ ನೋಡಿದರು. ನೀರು ತರುವ ನೆವದಲ್ಲಿ ನಾನು ಅಡಿಗೆಮನೆಗೆ ಹೋದಾಗ ಹಿಂದೆಯೇ ಬಂದರು.

"ಯಾಕಮ್ಮಾ ಹೇಳಿದ್ರಿ? ಮಲಗೋ ಸೀನು ಅಂತಲೇ ಅವರು ಒಪ್ಕೊಂಡಿದ್ದು."

"ಗೊತ್ತದರಿ ನನಗ" ಅಂದೆ. "ಅವ್ರ ಕೈ ಗೊತ್ತದ. ಆದ್ರ ಹೇಳುವಾಗ ಅದು ತಲಿಗಿ ಬರ್ಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದು ಹೊರಗೆ ಗೊತ್ತಾದ್ರೆ ಮುಗೀತು. ಫೋಟೊ ಕೂಡ ಕೇಳಲ್ಲ ಆಮೇಲೆ" ಅಂದು ಹೋದರು.

ಹೇಳಿದ ಮಾತು ನಿಜವಾದದ್ದು. ಹಿಂದೆ ತೆಗೆದುಕೊಳ್ಳಲು ಬರುವುದಿಲ್ಲ. ನಮ್ಮಲ್ಲಿ ಮಲಗಿಸುವುದೂ ಉಂಟು ಅಂತ ಸುಳ್ಳು ಹೇಳುವ ಬಾಯಿ ನನಗಿಲ್ಲ.

ಅವರನ್ನು ಕೂಡಿಸಿದರು. ಬೆನ್ನಿಗೆ ಮಣೆ ಕೊಟ್ಟು, ಬೀಳದಂತೆ ಎದೆಗೆ ಬಟ್ಟೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿ, ಗದ್ದಕ್ಕೆ ಪಟ್ಟಿ ಕಟ್ಟಿದರು. ಹೇಗೆ ಕಟ್ಟಬೇಕೆಂದು ಅತ್ತೆಯೇ ಹೇಳಿಕೊಟ್ಟರು. ಮಾವನವರಿಗೆ ಕಟ್ಟಿದ ಅದೇ ಗೂಟ. ಮಗಳ ಪಾತ್ರದ ನಟಿ ಎಡಕ್ಕೆ, ನಾನು ಬಲಕ್ಕೆ, ಅತ್ತೆ ಎದುರಿಗೆ. ಯಾರೂ ಅವರನ್ನು ಮುಟ್ಟಬಾರದು, ಸುಮ್ಮನೆ ಕೂತಿರಬೇಕು ಎಂದು ನಿರ್ದೇಶಕಿ ಹೇಳಿದಳು. ಮಷೀನು ನಿಂತಿತು. ಊರೇ ಉಸಿರು ಹಿಡಿದ ಹಾಗಾಯಿತು.

ಮೊದಲನೆಯ ಟೇಕು. ಕ್ಯಾಮೆರಾ ನಮ್ಮನ್ನು ದಾಟಿ ಅವರ ಮುಂದೆ ಬಂದು ನಿಲ್ಲುವಷ್ಟರಲ್ಲಿ ಹೆಬ್ಬೆರಳು ಅಲುಗಿತು. "ಕಟ್. ಸರ್, ಬೆರಳು ಸ್ವಲ್ಪ."

"ನೊಣ ಕೂತಿತ್ತಮ್ಮ" ಅಂದರು. ಎಲ್ಲರೂ ನಕ್ಕರು. ಭಾಬಿ, "ನಮ್ಮ ಓಣಿ ನೊಣಕ್ಕ ಸತ್ತವರ ಮ್ಯಾಲೂ ಮರ್ಯಾದಿ ಇಲ್ಲ" ಅಂದರು.

ಎರಡನೆಯದು. ಬೆರಳು ಶುರುವಾದದ್ದನ್ನು ನಾನು ಕಂಡೆ, ಕ್ಯಾಮೆರಾ ಇನ್ನೂ ಬಾಗಿಲ ಹತ್ತಿರವಿತ್ತು. ಅಷ್ಟರಲ್ಲಿ ವಾಡಿಯ ಕಡೆ ಹೋಗುವ ಗೂಡ್ಸ್ ಗಾಡಿ ಉದ್ದಕ್ಕೆ ಸೀಟಿ ಹೊಡೆಯಿತು. ಶಬ್ದ ಹಿಡಿಯುವವನು ಕೈ ಎತ್ತಿ ನಿಲ್ಲಿಸಿದ. ಶಿವನೇ, ಗಾಡಿ ಕಳಿಸಿ ಕಾಯ್ದೆ ಅಂತ ಮನಸ್ಸಿನಲ್ಲೇ ಕೈ ಮುಗಿದೆ.

ಮೂರನೆಯದರಲ್ಲಿ ಯಾವ ಗಾಡಿಯೂ ಬರಲಿಲ್ಲ. ಮುಖ ಕಲ್ಲಿನ ಹಾಗೆ ಸ್ಥಿರವಾಗಿತ್ತು, ರೆಪ್ಪೆಯೂ ಮಿಸುಕಲಿಲ್ಲ. ಆದರೆ ಬಲಗೈ ಮಣಿಕಟ್ಟಿನವರೆಗೂ ನಡುಗಿತು. ತೊಡೆಯ ಮೇಲಿನ ಧೋತರದ ಅಂಚು ಗಾಳಿಗೆ ಅಲುಗಿದ ಹಾಗೆ ಅಲುಗಿತು. ಕಟ್ ಅನ್ನುವುದೂ ಬೇಕಾಗಲಿಲ್ಲ. ಈ ಸಲ ಯಾರೂ ನಗಲಿಲ್ಲ.

ನಾನು ಎದ್ದು ನೀರು ತರಲು ಹೋದೆ. ಅಡಿಗೆಮನೆಯ ಬಾಗಿಲ ಹತ್ತಿರ ಮ್ಯಾನೇಜರ್ ಸಣ್ಣ ದನಿಯಲ್ಲಿ ನಿರ್ದೇಶಕಿಗೆ ಹೇಳುತ್ತಿದ್ದರು. "ಏನೋ ಇದೆ ಮೇಡಂ ಇವರಿಗೆ. ಒಂದ್ ಲೆಕ್ಕದಲ್ಲಿ ಈಗ್ಲೇ ಗೊತ್ತಾಗಿದ್ದು ಒಳ್ಳೇದು, ಬೇರೆ ಯಾವ ಸೀನೂ ಇನ್ನೂ ತೆಗೆದಿಲ್ಲ. ಬೇರೆಯವರನ್ನ ಕರೆಸಿದ್ರೆ ಆಯ್ತು."

"ಇನ್ನೊಂದು ಟೇಕ್ ನೋಡ್ತೀನಿ" ಅಂದಳು ಆಕೆ. ಹಣೆ ಒರೆಸಿಕೊಂಡು, "ಆಗ್ಲಿಲ್ಲ ಅಂದ್ರೆ ಇವತ್ತೇ ಮಾತಾಡೋಣ."

ಆಕೆಯದು ಕೆಟ್ಟ ಮನಸ್ಸಲ್ಲ. ಮುಖ ಬಾಡಿತ್ತು. ಆದರೂ ಆಕೆಗೆ ಸಿನಿಮಾ ಆಗಬೇಕು.

ನಟರ ಗದ್ದದ ಪಟ್ಟಿಯನ್ನು ಮೇಕಪ್ಪಿನವರು ಸಡಿಲಿಸಿದ್ದರು. ನಾನು ನೀರಿನ ಲೋಟ ಕೊಟ್ಟೆ. ಲೋಟ ಹಿಡಿದ ಕೈ ನಡುಗಲಿಲ್ಲ. ಒಂದು ಗುಟುಕು ಕುಡಿದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ನೀವು ನಿನ್ನೇನೇ ನೋಡಿದ್ರಿ, ಅಲ್ವಾ? ಬೇಳೆ ಆರಿಸುವಾಗ."

"ಹೂಂ ರೀ. ನಮ್ಮ ಮಾವನೋರ್ಗೂ ಇತ್ತು."

"ಸಾಯೋದು ಸರಿಯಾಗಿ ಬರ್ಲಿಲ್ಲ ಅಂತ ಬದುಕೋ ಪಾತ್ರ ಹೋಗ್ತಾ ಇದೆ ತಾಯಿ. ಆ ಎತ್ತು ಒಂದನ್ನ ಹುಡುಕಬೇಕಿತ್ತು ನಾನು." ಅಷ್ಟೇ ಅಂದರು. ಮೇಕಪ್ಪಿನವರು ಮತ್ತೆ ಅವರ ಗದ್ದಕ್ಕೆ ಪಟ್ಟಿ ಕಟ್ಟಿದರು.

ನಾನು ನನ್ನ ಜಾಗದಲ್ಲಿ ಕೂತೆ. ಮಾವ ಮೇಸ್ತ್ರಿ ಮನುಷ್ಯ, ಬಹಳ ಬಿಗುಮಾನ. ಕೈ ನಡುಗಲು ಶುರುವಾದ ಮೇಲೆ ಯಾರಾದರೂ ಭೆಟ್ಟಿಗೆ ಬಂದರೆ ಅತ್ತೆ ಹೋಗಿ ಅವರ ಬದಿಗೆ ಕೂಡುತ್ತಿದ್ದರು. ಶಾಲಿನ ಅಂಚಿನೊಳಗೆ ಅವರ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಬಂದವರ ಜೊತೆ ಮಳೆ ಬೆಳೆ ಮಾತಾಡುತ್ತಿದ್ದರು. ಮುದುಕ ಮುದುಕಿಗೆ ಈ ವಯಸ್ಸಿನಲ್ಲಿ ಎಂಥ ಪ್ರೀತಿ ಅಂತ ಓಣಿಯವರು ನಗುತ್ತಿದ್ದರು. ನಗುವವರು ನಗಲಿ ಎಂದು ಅತ್ತೆ ಬಿಟ್ಟಿದ್ದರು. ನಡುಕಕ್ಕಿಂತ ಆ ನಗು ಮೇಲು ಅಂತ ಅವರ ಲೆಕ್ಕ. ನಾನು ಚಹಾ ತಂದಿಡುವಾಗೆಲ್ಲ ಅದನ್ನು ನೋಡಿದವಳು.

ಮುಟ್ಟಬಾರದು ಅಂತ ನಿರ್ದೇಶಕಿ ಹೇಳಿದ್ದಾಳೆ. ಪರಪುರುಷನ ಕೈ, ಓಣಿಯೆಲ್ಲ ಕೂತಿದೆ, ಎದುರಿಗೆ ಅತ್ತೆ. ನಾಳೆ ಇದನ್ನು ಪರದೆಯ ಮೇಲೆ ನನ್ನ ಯಜಮಾನರೂ ನೋಡುತ್ತಾರೆ. ಬೆಳಿಗ್ಗೆ ಲಿಂಗ ಹಿಡಿದ ಕೈ. ನಾನು ಹಿಡಿದರೆ ಆ ಶಾಟ್ ಕೆಡಬಹುದು, ಕೆಟ್ಟರೆ ಇದ್ದ ಒಂದು ಅವಕಾಶವೂ ಹೋಗುತ್ತದೆ. ಮೊದಲೇ ಕೇಳೋಣವೆಂದರೆ ಯಾಕೆಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ಅವರ ಗುಟ್ಟು ಎಲ್ಲರ ಎದುರು ಬೀಳುತ್ತದೆ. ಕೊರಳ ಕರಡಿಗೆಯನ್ನು ಸೆರಗಿನ ಮೇಲಿಂದಲೇ ಒಮ್ಮೆ ಒತ್ತಿ ಹಿಡಿದೆ. ಶಿವನೇ, ತಪ್ಪಾದರೆ ನನ್ನ ಮೇಲೆ ಹಾಕು ಅಂದೆ.

ನಾಲ್ಕನೆಯ ಟೇಕು. ಕ್ಯಾಮೆರಾ ಹೊಸ್ತಿಲು ದಾಟಿತು. ಹೆಬ್ಬೆರಳು ಮಿಸುಕಿತು.

ನಾನು ಸೆರಗನ್ನು ಮುಂದಕ್ಕೆ ಎಳೆದುಕೊಂಡು ಬಾಗಿ, ಅವರ ಬಲಗೈಯನ್ನು ಎರಡೂ ಕೈಯಿಂದ ಹಿಡಿದು ನನ್ನ ಹಣೆಗೆ ಹಚ್ಚಿಕೊಂಡೆ.

ಕಟ್ ಅನ್ನುವ ದನಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯ್ದೆ. ಬರಲಿಲ್ಲ. ಕೈಯೊಳಗೆ ಕೈ ನಡುಗುತ್ತಿತ್ತು, ಹಿಡಿದ ಗುಬ್ಬಿಯ ಹಾಗೆ. ನಾನು ಅದನ್ನು ಬಿಗಿ ಹಿಡಿದು ತಡೆಯಲು ಹೋಗಲಿಲ್ಲ. ಅದು ನಡುಗಿದ ಹಾಗೆ ನನ್ನ ತೋಳೂ ನಡುಗಲು ಬಿಟ್ಟೆ. ತೋಳಿನಿಂದ ಹೆಗಲಿಗೆ ಬಂತು. ಅಳುವ ನಟನೆ ನನಗೆ ಬಾರದು. ಆದರೆ ಆ ಗೋಡೆ, ಆ ಗೂಟ, ಮಾವನವರ ತಣ್ಣಗಿನ ಹಣೆಗೆ ನಾನೇ ವಿಭೂತಿ ಹಚ್ಚಿದ್ದು, ಚಿತ್ತಾಪುರದ ಟಾಕೀಸಿನಲ್ಲಿ ನನ್ನವ್ವನ ತೊಯ್ದ ಮುಖ, ಎಲ್ಲ ಒಟ್ಟಿಗೆ ಬಂತು. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಹಿಂದಿನಿಂದ ಭಾಬಿಯ ಅಳುವೂ ಕೇಳಿತು, ಅದು ಖರೇ ಅಳು. ಈಗ ನೋಡುವವರಿಗೆ ನಡುಗುತ್ತಿದ್ದವಳು ನಾನು. ಸತ್ತವರು ಸುಮ್ಮನೆ ಕೂತಿದ್ದರು.

"ಕಟ್" ಅಂದಾಗ ಅದು ಎಷ್ಟು ಹೊತ್ತಾಗಿತ್ತೋ ತಿಳಿಯಲಿಲ್ಲ. ಹಿಂದಿನ ಓಣಿಯಲ್ಲಿ ಮಷೀನು ಕಿರ್ ಎಂದು ಶುರುವಾಯಿತು. ಅದು ಒಂದು ಗಳಿಗೆ ತಡೆದದ್ದೂ ಆ ಶಿವನ ದಯೆಯೇ.

ನಿರ್ದೇಶಕಿ ಸಣ್ಣ ಟೀವಿಯಂಥದ್ದರಲ್ಲಿ ಮತ್ತೊಮ್ಮೆ ನೋಡಿದಳು. ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಮುಟ್ಟಬೇಡಿ ಅಂದಿದ್ದೆ ನಾನು."

"ಹೂಂ ರೀ. ತಪ್ಪಾತು."

"ಇಲ್ಲಿ ಹೀಗೆ ಹಿಡೀತಾರಾ?"

"ಹಿಡಿಬಾರದಂತ ಯಾರೂ ಅಂದಿಲ್ರಿ" ಅಂದೆ. ಅದು ಸುಳ್ಳಲ್ಲ.

ಆಕೆ ನನ್ನ ಕೈ ನೋಡಿದಳು. ನನ್ನ ಕೈ ಈಗ ನಡುಗುತ್ತಿರಲಿಲ್ಲ. ಆಮೇಲೆ ನಟರ ಕಡೆ ನೋಡಿದಳು. ಅವರು ಆಗಲೇ ಟವೆಲು ಹಿಡಿದುಕೊಂಡಿದ್ದರು. ಅವಳಿಗೆ ಏನು ತಿಳಿಯಿತೋ ಗೊತ್ತಿಲ್ಲ. ಎದ್ದು ಮ್ಯಾನೇಜರಿಗೆ ಗಟ್ಟಿಯಾಗಿ ಹೇಳಿದಳು. "ಓಕೆ ಇದು. ನಾಡಿದ್ದು ಚಿಂಚೋಳಿ. ಎತ್ತು ರೆಡಿ ಇರ್ಲಿ. ಮತ್ತೆ ಸರ್‌ಗೆ ಎಲ್ಲಾ ಸೀನಲ್ಲೂ ಕೈಗೆ ಏನಾದ್ರೂ ಕೆಲಸ ಇಟ್ಕೊಳ್ಳಿ, ಹಗ್ಗ, ಕೋಲು, ಏನಾದ್ರೂ. ಕಲ್ಲು ಒಡೆಯೋ ಮನುಷ್ಯ ಅಲ್ವಾ, ಸುಮ್ನೆ ಕೂರಲ್ಲ ಅವನು." ಮ್ಯಾನೇಜರ್ ಏನೋ ಹೇಳಹೋದರು. ಆಕೆ ಕೇಳಿಸಿಕೊಳ್ಳಲಿಲ್ಲ.

ಸಿನಿಮಾದವರದೂ ಒಂದು ಪದ್ಧತಿ ಇದೆ. ಸತ್ತ ದೃಶ್ಯ ಆದ ಮೇಲೆ ಆ ನಟ ಕ್ಯಾಮೆರಾ ನೋಡಿ ನಗಬೇಕು, ಹಾಗೇ ಎದ್ದು ಹೋಗಬಾರದು. ಮೇಕಪ್ಪಿನವರು ಬಿಡಲಿಲ್ಲ. ಕಟ್ಟಿದ ಬಟ್ಟೆ ಬಿಚ್ಚುವ ಮೊದಲೇ, "ನಗ್ರಿ ಅಣ್ಣಾ" ಅಂದರು. ನಟರು ವಿಭೂತಿಯ ಹಣೆ ಎತ್ತಿ, ಹಲ್ಲು ಕಾಣುವಂತೆ ನಕ್ಕರು. ಆ ಚಪ್ಪರದ ಕಂಬದ ಹತ್ತಿರ ನಿಂತ ಅಣ್ಣನ ನಗೆಯೇ ಅದು, ಸ್ವಲ್ಪವೂ ಬದಲಾಗಿರಲಿಲ್ಲ. ಓಣಿಯ ಹೆಂಗಸರೆಲ್ಲ ಚಪ್ಪಾಳೆ ಹೊಡೆದರು.

"ಸತ್ತಾಂವ ಎದ್ದ" ಅಂದರು ಅತ್ತೆ. "ಇನ್ನ ಉಣ್ಣು ಬಾ. ಮೊದ್ಲೇ ಉಂಡು ಸಾಯಿ ಅಂದಿದ್ದೆ, ಮಾತು ಕೇಳ್ಲಿಲ್ಲ ನೀನು."

ಅವರು ಗೋಡೆಗೆ ಒರಗಿಯೇ ಉಂಡರು. ರೊಟ್ಟಿ ತಾವೇ ಮುರಿದುಕೊಂಡರು. ಬೇಳೆ ಕೇಳಿದರು; ನಾನು ಕೊಡಲಿಲ್ಲ, ರಾತ್ರಿಗೆ ಡಬ್ಬಿಯಲ್ಲಿ ಕಟ್ಟಿಕೊಡುತ್ತೇನೆ ಅಂದೆ. "ನಿಮ್ಮ ಸೊಸೆ ನಮ್ಮ ಡಾಕ್ಟರಿಗಿಂತ ಬಿಗಿ" ಅಂತ ಅತ್ತೆಗೆ ದೂರು ಹೇಳಿದರು.

ಕಾರು ಹತ್ತುವಾಗ ಕೋಲನ್ನು ಮೇಕಪ್ಪಿನವರಿಗೆ ಕೊಟ್ಟು, ಟವೆಲು ಹೆಗಲಿಗೆ ಹಾಕಿ, ನನಗೆ ಎರಡೂ ಕೈ ಜೋಡಿಸಿದರು. ಒಂದಕ್ಕೊಂದು ಒತ್ತಿಕೊಂಡ ಕೈ ಅಲುಗಲಿಲ್ಲ.

ಎತ್ತು ಸಿಕ್ಕಿತಂತೆ. ಚಿಂಚೋಳಿಯಿಂದ ಮೇಕಪ್ಪಿನವರು ಯಜಮಾನರ ಫೋನಿಗೆ ಫೋಟೊ ಕಳಿಸಿದ್ದರು. ಒಂದು ಮುಂಗೋಪದ ಕಂದು ಎತ್ತು, ಅದರ ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು ಬಾಯಿ ತೆರೆದು ಯಾರನ್ನೋ ಬೈಯುತ್ತಿರುವ ಮುದುಕ. ಯಜಮಾನರಿಗೆ ನಾನೇ ಎಲ್ಲ ಹೇಳಿದೆ. ಅವರು ಫೋಟೊವನ್ನು ದೊಡ್ಡದು ಮಾಡಿ ನೋಡಿ, "ಅಪ್ಪಾನೂ ಹಿಂಗೇ ಬೈತಿದ್ದ" ಅಂದರು.

ಆದರೆ ಅದು ಆಮೇಲಿನ ಮಾತು. ಆ ಸಂಜೆ ಎಲ್ಲರೂ ಹೋದ ಮೇಲೆ ಪಡಸಾಲೆ ಒರೆಸಿದೆ. ನೆಲದ ಮೇಲೆ ಉದುರಿದ ವಿಭೂತಿಯನ್ನು ಬಟ್ಟೆಯಿಂದ ಒರೆಸಲು ಮನಸ್ಸಾಗದೆ, ಬೆರಳಿನಿಂದ ತೆಗೆದು ಹಣೆಗೆ ಹಚ್ಚಿಕೊಂಡೆ. ಅತ್ತೆ ಗೋಡೆಯ ಹತ್ತಿರ ಕೂತಿದ್ದರು. ಗೂಟ ನೋಡುತ್ತಿದ್ದರು. ನಾನು ಅವರ ಸಿಟ್ಟಿಗೆ ಕಾಯುತ್ತಿದ್ದೆ. ಮಧ್ಯಾಹ್ನದಿಂದ ಆ ಒಂದು ವಿಷಯ ಬಿಟ್ಟು ಬೇರೆಲ್ಲ ಮಾತಾಡಿದ್ದರು.

"ಏ ಹುಡುಗಿ" ಅಂದರು. ನಾನು ಮದುವೆಯಾಗಿ ಬಂದಾಗ ಹಾಗೆ ಕರೆಯುತ್ತಿದ್ದರು.

"ಏನ್ರಿ ಅತ್ತಿ?"

"ಕೈ ಬೆಚ್ಚಗಿತ್ತೇನು?"

ನಾನು ಒರೆಸುವ ಬಟ್ಟೆ ಕೆಳಗಿಟ್ಟೆ. "ಬೆಚ್ಚಗಿತ್ರಿ. ಭಾಳ ಬೆಚ್ಚಗಿತ್ತು."

ಅತ್ತೆ ಗೋಡೆಯ ಕಲ್ಲನ್ನು ಒಮ್ಮೆ ಅಂಗೈಯಿಂದ ಸವರಿದರು.

"ಅಂಗಳದಾಗ ಬ್ಯಾಳಿ ಹಂಗೇ ಬಿದ್ದಾದ ನೋಡು" ಅಂದರು. "ಇರುವಿ ಹತ್ತತಾವ."

ನಾನು ಹೋಗಿ ಮೊರ ತೊಡೆಯ ಮೇಲೆ ಎಳೆದುಕೊಂಡೆ. ಬೆಳಕು ಇನ್ನೂ ಸ್ವಲ್ಪ ಇತ್ತು.